ಬಂಡೆಯ ಮೇಲಿನ ವಾಲ್ಮೋರ್

ನನ್ನ ಗಂಡ ವಾಲ್ಮೋರ್‌ನ ಬಗ್ಗೆ ಈ ಊರಿನಲ್ಲಿ ಯಾರನ್ನು ಕೇಳಿದರೂ ಒಂದೇ ಕತೆ ಹೇಳುತ್ತಾರೆ. ಅವನು ಬಂಡೆಯ ಮೇಲೆ ಕೂತು, ಸಮುದ್ರದಲ್ಲಿ ತೇಲಿಹೋಗುತ್ತಿದ್ದ ಮಗುವನ್ನು ಕಂಡು, ಕೋಟು ಬೀಸಿ, ದೋಣಿ ಕಳಿಸಿ ಬದುಕಿಸಿದನಂತೆ. ನಮ್ಮ ಊರು ಪೊಂತಾ ಸೆಕಾಕ್ಕೆ ರಜೆಗೆ ಬರುವವರು ಕೋಣೆಯ ಬಾಡಿಗೆ ಎಷ್ಟೆಂದು ಕೇಳುವ ಮೊದಲೇ ಈ ಕತೆ ಕೇಳಿಕೊಂಡು ಬಂದಿರುತ್ತಾರೆ. ಬೇಕರಿಯವನು ಬ್ರೆಡ್ಡಿನ ಜೊತೆ ಇದನ್ನೂ ಕಟ್ಟಿಕೊಡುತ್ತಾನೆ. ಶುದ್ಧ ಸುಳ್ಳು. ಆ ಮಗುವನ್ನು ಅವನು ಕಂಡೇ ಇರಲಿಲ್ಲ. ಇದು ನನಗೆ ಆವತ್ತಿನಿಂದಲೇ ಗೊತ್ತು.

ವಾಲ್ಮೋರ್ ಹುಟ್ಟಿದ್ದು ದೋಣಿಗೆ ಹುಟ್ಟು ಹಾಕುವವರ ಮನೆಯಲ್ಲಿ. ಅವನ ಅಪ್ಪ ಎರ್ಸಿಲಿಯೊ ಹುಟ್ಟು ಹಾಕಿದರೆ ದೋಣಿ ಅಲೆಯನ್ನು ಸೀಳಿಕೊಂಡು ಹೋಗುತ್ತಿತ್ತು ಎಂದು ಹಳಬರು ಈಗಲೂ ಹೇಳುತ್ತಾರೆ. ಮಗನಿಗೆ ಹದಿನೇಳು ತುಂಬಿದಾಗ ದೋಣಿಗೆ ಹತ್ತಿಸಿದರು. ಎರಡನೇ ಅಲೆ ದಾಟುವ ಮೊದಲೇ ಅವನು ಹುಟ್ಟಿನ ಮೇಲೆಯೇ ವಾಂತಿ ಮಾಡಿಕೊಂಡ. ಮರುದಿನವೂ ಅದೇ. ಮೂರನೇ ದಿನ ಅಪ್ಪನೇ ಕೊರಳಪಟ್ಟಿ ಹಿಡಿದು ಮರಳಿನ ಮೇಲೆ ಇಳಿಸಿ, ಬೆನ್ನು ತಿರುಗಿಸಿ ದೋಣಿ ಹತ್ತಿದ. ಮಾನ ಇದ್ದ ಗಂಡಸಾದರೆ ಪೇಟೆಗೆ ಹೋಗಿ ಇಟ್ಟಿಗೆಯಾದರೂ ಹೊರುತ್ತಿದ್ದ. ಇವನು ಬಂಡೆ ಹತ್ತಿದ.

ಬಂಡೆ ಎಂದರೆ ಕಡಲದಂಡೆಯ ದಕ್ಷಿಣದ ತುದಿಯಲ್ಲಿ ನಮ್ಮ ಊರಿನ ಕಾವಲು ಕಾಯುವ ಜಾಗ. ನಮ್ಮಲ್ಲಿ ಚಳಿಗಾಲ ಶುರುವಾಗುವ ಮೇ ತಿಂಗಳಲ್ಲಿ ದಕ್ಷಿಣದ ಗಾಳಿ ಬೀಸಿದಾಗ ತಾಯ್ನ್ಯಾ ಮೀನು ಹಿಂಡು ಕಟ್ಟಿಕೊಂಡು ಮೇಲೆ ಬರುತ್ತದೆ, ಜುಲೈ ಮುಗಿಯುವಷ್ಟರಲ್ಲಿ ಹೋಗಿಬಿಡುತ್ತದೆ. ಆ ಎರಡೂವರೆ ತಿಂಗಳು ಒಬ್ಬ ಮನುಷ್ಯ ಬಂಡೆಯ ಮೇಲೆ ಕೂತು ನೀರನ್ನೇ ನೋಡುತ್ತಿರಬೇಕು. ನೀರಿನ ಮೇಲೆ ಕಪ್ಪು ಮಚ್ಚೆ ಕಂಡರೆ ಎದ್ದು ಕೋಟು ಬಿಚ್ಚಿ ಬೀಸಬೇಕು. ಕೂಗುವ ಹಾಗಿಲ್ಲ, ಮೀನಿಗೆ ಕಿವಿ ಇದೆ. ಕೋಟು ಬಲಕ್ಕೆ ಬೀಸಿದರೆ ದೋಣಿ ಬಲಕ್ಕೆ, ಎಡಕ್ಕೆ ಬೀಸಿದರೆ ಎಡಕ್ಕೆ. ತಲೆಯ ಮೇಲೆ ಸುತ್ತಿಸಿದರೆ ಬಲೆ ಬಿಡಿ ಎಂದರ್ಥ. ಆಮೇಲೆ ಕೋಟನ್ನು ಎಷ್ಟು ಸಲ ಕೆಳಗೆ ಕೊಡವಿದನೋ ಅಷ್ಟು ಸಾವಿರ ಮೀನು. ದೋಣಿ ಹಿಂಡನ್ನು ಸುತ್ತಿ ರಂಪಣಿ ಬಲೆ ಬಿಟ್ಟು ಬರುತ್ತದೆ, ಎರಡು ತುದಿಯ ಹಗ್ಗ ಹಿಡಿದು ಇಡೀ ಊರು ಎಳೆಯುತ್ತದೆ. ಹಗ್ಗ ಮುಟ್ಟಿದವರಿಗೆಲ್ಲ ಪಾಲುಂಟು, ಅಜ್ಜಿಯಾಗಲಿ, ಪೇಟೆಯಿಂದ ಬಂದ ವಕೀಲನಾಗಲಿ.

ಆಗ ಬಂಡೆಯ ಮೇಲೆ ಕೂರುತ್ತಿದ್ದ ಮುದುಕನಿಗೆ ಕಾಫಿ ತಂದುಕೊಡಲು ಒಬ್ಬರು ಬೇಕಿತ್ತು. ವಾಲ್ಮೋರ್ ಕಾಫಿ ಹೊತ್ತ. ಮುದುಕ ಸತ್ತ, ಬಂಡೆಯ ಮೇಲಿನ ಕುರ್ಚಿ ಇವನದಾಯಿತು. ಇವನ ಸಾಧನೆ ಇಷ್ಟೇ. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು, ಮೀನಿನ ಮಟ್ಟಿಗೆ ಅವನ ಕಣ್ಣು ಚುರುಕು. ಮೋಡದ ನೆರಳು ಯಾವುದು, ಹಿಂಡು ಯಾವುದು ಎಂದು ಅವನು ಎಂದೂ ತಪ್ಪು ಮಾಡಿದ್ದಿಲ್ಲ. ಆದರೆ ಮನೆಯ ಮಾಡು ಸೋರುವುದು ಆ ಕಣ್ಣಿಗೆ ಕಾಣುವುದಿಲ್ಲ. ಹೆಂಡತಿ ಜ್ವರದಲ್ಲಿ ನಡುಗುತ್ತಾ ಗಂಜಿ ತಿರುವುವುದು ಕಾಣುವುದಿಲ್ಲ.

ಇಂಥವನನ್ನು ಯಾಕೆ ಕಟ್ಟಿಕೊಂಡೆ ಎಂದು ಕೇಳಬಹುದು. ನನಗೆ ಆಗ ಇಪ್ಪತ್ತೆರಡು. ಮೀನಿಗೆ ಉಪ್ಪು ಹಾಕಿ ಹಾಕಿ ಬೆರಳೆಲ್ಲ ಸೀಳಿತ್ತು. ಇಡೀ ದಂಡೆಯಲ್ಲಿ ಇಸ್ತ್ರಿ ಮಾಡಿದ ಕೋಟು ಇದ್ದದ್ದು ಅವನೊಬ್ಬನಿಗೆ. ಬುದ್ಧಿ ಇಲ್ಲದ ಹುಡುಗಿಗೆ ಇನ್ನೇನು ಬೇಕು? ಮಕ್ಕಳಾಗಲಿಲ್ಲ. ಅದರ ಬಗ್ಗೆ ಅವನು ಒಂದು ದಿನವೂ ಬಾಯಿ ಬಿಡಲಿಲ್ಲ. ಊರ ಮಕ್ಕಳಿಗೆಂದು ಕೋಟಿನ ಜೇಬಿನಲ್ಲಿ ಪೆಪ್ಪರ್‌ಮಿಂಟು ಇಟ್ಟುಕೊಂಡು ಹೋಗುತ್ತಿದ್ದ. ಮಕ್ಕಳು ಬಾರದಿದ್ದ ದಿನ ತಾನೇ ತಿಂದು ಮುಗಿಸಿ ಬರುತ್ತಿದ್ದ.

ಇನ್ನು ಆ ದಿನದ ಸಂಗತಿ. ಇಪ್ಪತ್ತನಾಲ್ಕು ವರ್ಷದ ಹಿಂದೆ, ಜೂನಿನಲ್ಲಿ, ಗುರುವಾರ ಬೀಳುವ ಪರಮ ಪ್ರಸಾದದ ಹಬ್ಬಕ್ಕೆ ನಾಲ್ಕು ದಿನ ರಜೆ ಬಂದಿತ್ತು. ಬೆಟ್ಟದ ಮೇಲಿನ ಲಾಜೆಸ್ ಪೇಟೆಯಿಂದ ಒಂದು ಸಂಸಾರ ನಮ್ಮ ಮನೆಯ ಹಿಂದಿನ ಎರಡು ಕೋಣೆ ಬಾಡಿಗೆಗೆ ಹಿಡಿಯಿತು. ಗಂಡ ಜಿಲ್ಮಾರ್, ಟೈರಿನ ಅಂಗಡಿಯವನು. ಜೊತೆಗೆ ಹೆಂಡತಿ ಮತ್ತು ಐದು ವರ್ಷದ ಮಗಳು ರೆಜಾನಿ. ಬೆಟ್ಟದವರು ಕಡಲಿಗೆ ಬರುವಾಗ ತರುವ ಸಾಮಾನು ನೋಡಬೇಕು. ಬಾಣಲೆ, ದಿಂಬು, ಸೊಳ್ಳೆಪರದೆ, ಇಲ್ಲಿ ಸಿಗದು ಎಂಬಂತೆ ಒಂದು ಮೂಟೆ ಅಕ್ಕಿ. ಮಗು ನೀರಾಟ ಆಡಲೆಂದು ಜಿಲ್ಮಾರ್ ತನ್ನ ಅಂಗಡಿಯಿಂದ ಲಾರಿಯ ಟ್ಯೂಬು ತಂದಿದ್ದ. ಮೀನಿನ ಹಂಗಾಮು ಮುಗಿಯುವವರೆಗೆ ಯಾರೂ ನೀರಿಗೆ ಇಳಿಯಬಾರದು ಎಂದು ದೋಣಿಯ ಚಪ್ಪರದ ಪಕ್ಕದಲ್ಲಿ ಹಲಗೆ ಹಾಕಿದ್ದಾರೆ. ಅದನ್ನು ಅವನು ಗಟ್ಟಿಯಾಗಿ ಓದಿ, ಮೀನುಗಳಿಗೆ ನಾಚಿಕೆಯೋ ಎಂದು ಕೇಳಿ ತಾನೇ ನಕ್ಕ.

ಶನಿವಾರ ಮಧ್ಯಾಹ್ನ ಗಾಳಿ ತಿರುಗಿ ನೆಲದ ಕಡೆಯಿಂದ ಬೀಸತೊಡಗಿತು. ಜಿಲ್ಮಾರ್ ನಾಲ್ಕು ಬಾಟಲಿ ಬಿಯರು ಇಳಿಸಿ ಮುಖದ ಮೇಲೆ ಟೋಪಿ ಇಟ್ಟುಕೊಂಡು ಕಲ್ಲುಗಳ ಆಚೆ ಗೊರಕೆ ಹೊಡೆಯುತ್ತಿದ್ದ. ಅವನ ಹೆಂಡತಿ ನನ್ನ ಅಡುಗೆಮನೆಯಲ್ಲಿ ನಿಂತು, ಪರದೆಗೆ ಹತ್ತಿದ ಮೀನಿನ ವಾಸನೆ ಹೋಗಲು ಏನು ಮಾಡಬೇಕೆಂದು ನನ್ನನ್ನೇ ಕೇಳುತ್ತಿದ್ದಳು. ಮಗು ಟ್ಯೂಬಿನೊಳಗೆ, ನೀರಿನ ಅಂಚಿನಲ್ಲಿ. ಗಾಳಿ ಯಾರನ್ನೂ ಕೇಳಿಕೊಂಡು ಕೆಲಸ ಮಾಡುವುದಿಲ್ಲ.

ಅದೇ ಹೊತ್ತಿಗೆ ಬಂಡೆಯ ಮೇಲೆ ವಾಲ್ಮೋರ್ ಎದ್ದು ನಿಂತು ಕೋಟು ಬೀಸಿದ. ಊರು ಓಡಿತು, ನಾನೂ ಓಡಿದೆ, ಹಗ್ಗ ಹಿಡಿದೆ. ದೋಣಿಯ ಹಿಂತುದಿಯಲ್ಲಿ ಚುಕ್ಕಾಣಿ ಹಿಡಿದು ನಿಂತಿದ್ದವನು ಲಾವ್ರೊ, ದೋಣಿಯ ಯಜಮಾನ. ಅರ್ಧ ಬಲೆ ನೀರಿಗೆ ಬಿದ್ದ ಮೇಲೆ ಅವನಿಗೆ ಕರಿ ಟ್ಯೂಬು ಕಂಡಿತು, ಅದರೊಳಗೆ ಒಂದು ಪುಟ್ಟ ಕೈ ಕಂಡಿತು. ಲಾವ್ರೊ ಬಗ್ಗಿ ಮಗುವನ್ನು ರಟ್ಟೆ ಹಿಡಿದು ಎತ್ತಿ, ಉಳಿದ ಬಲೆಯ ರಾಶಿಯ ಪಕ್ಕ ತನ್ನ ಕಾಲಬುಡದಲ್ಲಿ ಕೂರಿಸಿಕೊಂಡು ಬಲೆ ಬಿಡುವುದನ್ನು ಮುಂದುವರಿಸಿದ. ಹಿಂಡು ಕಾಯುವುದಿಲ್ಲವಲ್ಲ. ದೋಣಿ ದಡಕ್ಕೆ ಬಂದಾಗ ಅದರಲ್ಲಿ ಮಗು ಕೂತಿದ್ದನ್ನು ನೋಡಿ ಹೆಂಗಸರು ಬಾಯಿ ಬಾಯಿ ಬಡಿದುಕೊಂಡರು. ಆ ಗದ್ದಲಕ್ಕೆ ಜಿಲ್ಮಾರ್‌ಗೆ ಎಚ್ಚರವಾಯಿತು.

ನಾನು ಹಗ್ಗ ಬಿಟ್ಟು ವಾಲ್ಮೋರ್‌ಗೆ ಸುದ್ದಿ ಹೇಳಲು ಗುಡ್ಡದ ದಾರಿ ಹಿಡಿದೆ. ಪೇರಳೆ ಮರದ ಹತ್ತಿರ ಎದುರಾದ. ಹಲ್ಲು ಕಿರಿದುಕೊಂಡು ಇಳಿಯುತ್ತಿದ್ದ.

“ಎಷ್ಟು? ಎರಡು ಸಾವಿರ ದಾಟಿತಾ?”

“ಮೀನು ಹಾಳಾಗ್ಲಿ. ಮಗು ಬದುಕಿತು ಮಾರಾಯ.”

“ಯಾವ ಮಗು?” ಎಂದ.

ಅಷ್ಟೇ. ಯಾವ ಮಗು? ಐದು ನಿಮಿಷದ ಮೇಲೆ ದಂಡೆಯಲ್ಲಿ ಆ ತಾಯಿ ಮರಳಿನಲ್ಲಿ ಮೊಣಕಾಲೂರಿ ಇವನ ಕಾಲು ತಬ್ಬಿಕೊಂಡಳು. ನನ್ನ ಮಗಳನ್ನು ಕಂಡಿರಲ್ಲ, ನಿಮ್ಮ ಕಣ್ಣು ತಣ್ಣಗಿರಲಿ ಎಂದು ಅತ್ತಳು. ವಾಲ್ಮೋರ್ ಅವಳನ್ನು ನೋಡಿದ, ಸುತ್ತ ನೆರೆದವರನ್ನು ನೋಡಿದ, ನನ್ನನ್ನೂ ನೋಡಿದ. ಆಮೇಲೆ ಕೋಟು ಹಾಕಿಕೊಂಡು ಮೂರು ಗುಂಡಿಯನ್ನೂ ನಿಧಾನಕ್ಕೆ ಹಾಕಿ, “ಕಂಡೆ ಅಮ್ಮ. ಕಾಣದೆ ಇರ್ತದಾ?” ಎಂದ.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದದ್ದಕ್ಕೆ ಕಾಗೆಗೆ ಹಾರ ಹಾಕಿದರು. ಕತೆ ವರ್ಷವರ್ಷವೂ ಬೆಳೆಯಿತು. ಮೊದಲ ವರ್ಷ ಅವನಿಗೆ ಕಂಡದ್ದು ಟ್ಯೂಬು. ಎರಡನೇ ವರ್ಷ ಮಗುವಿನ ಕೈ. ಐದು ವರ್ಷ ಕಳೆಯುವಷ್ಟರಲ್ಲಿ ಅರ್ಧ ಮೈಲಿ ದೂರದಿಂದ ಮಗುವಿನ ಕಣ್ಣೀರು ಕಂಡಿತ್ತು. ಹತ್ತನೇ ವರ್ಷ ಸಂತ ಪೇತ್ರನೇ ಕಿವಿಯಲ್ಲಿ, ಅತ್ತ ನೋಡು ವಾಲ್ಮೋರ್, ಎಂದು ಉಸುರಿದ್ದ. ರಜೆಗೆ ಬಂದ ಹೆಂಗಸರು ಇದನ್ನು ಕೇಳಿ ಎದೆಯ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದರು. ದೋಣಿ ಕಂಡರೆ ಕಕ್ಕುವ ಗಂಡಸು ಇಡೀ ಸಮುದ್ರ ತನ್ನ ಜೇಬಿನಲ್ಲಿದೆ ಎಂಬಂತೆ ದಂಡೆಯ ಮೇಲೆ ಓಡಾಡುತ್ತಿದ್ದ. ನೋಡಿದರೆ ನನಗೆ ಮೈ ಉರಿಯುತ್ತಿತ್ತು.

ಆದರೆ ಕಡಿವಾಣ ನನ್ನ ಕೈಯಲ್ಲಿತ್ತು. ಊಟಕ್ಕೆ ಕೂತಾಗ ಅವನ ದನಿ ಒಂದಿಷ್ಟು ಏರಿತೋ, ನಾನು ಮೆಲ್ಲಗೆ “ಯಾವ ಮಗು?” ಎನ್ನುತ್ತಿದ್ದೆ. ಅವನು ಬಾಯಿ ಮುಚ್ಚಿ, ತಲೆ ತಗ್ಗಿಸಿ ತಟ್ಟೆ ನೋಡುತ್ತಿದ್ದ. ಆ ಎರಡು ಮಾತಿನಿಂದ ನಾನು ಗ್ಯಾಸಿನ ಒಲೆ ತರಿಸಿದೆ. ಕುಡುಕ ಮೈದುನ ನಮ್ಮ ಮನೆಗೆ ಬಂದು ಠಿಕಾಣಿ ಹೂಡುವುದನ್ನು ತಪ್ಪಿಸಿದೆ. ಇವನ ಕಬ್ಬಿನ ಸಾರಾಯಿಯನ್ನು ಭಾನುವಾರಕ್ಕೆ ಒಂದು ಲೋಟಕ್ಕೆ ಇಳಿಸಿದೆ. ನಾನು ಊರಿಗೆ ಹೇಳಿದರೆ ಅವನ ಬಂಡೆಯ ಕುರ್ಚಿ ಹೋಗುತ್ತದೆ, ಕಾಣದ್ದನ್ನು ಕಂಡೆ ಎನ್ನುವ ಕಾವಲುಗಾರನನ್ನು ಯಾವ ದೋಣಿಯವರು ಇಟ್ಟುಕೊಳ್ಳುತ್ತಾರೆ? ಇಡೀ ಊರು ತಲೆಯ ಮೇಲೆ ಹೊತ್ತು ಮೆರೆಸುವ ಮನುಷ್ಯ ನನ್ನೆದುರು ಬಾಲ ಮುದುರಿಕೊಳ್ಳುತ್ತಾನಲ್ಲ, ಅದರ ರುಚಿಯೇ ಬೇರೆ. ಸುಳ್ಳು ಯಾಕೆ ಹೇಳಲಿ, ನನಗೆ ಅದರಿಂದ ಸಂತೋಷವಾಗುತ್ತಿತ್ತು.

ಆ ಸಂಸಾರ ಪ್ರತಿ ಜೂನಿಗೂ ಬಂತು. ಜಿಲ್ಮಾರ್ ಬರುವಾಗ ದೋಣಿಯವರಿಗೆಂದು ಒಂದು ಪೆಟ್ಟಿಗೆ ಬಿಯರು ತರುತ್ತಿದ್ದ, ನನಗೆ ಒಂದು ಒಣ ನಮಸ್ಕಾರ. ಐದು ವರ್ಷದ ಹಿಂದೆ ಸತ್ತ. ಆಮೇಲೆ ರೆಜಾನಿ ತನ್ನ ಗಂಡ, ಮಕ್ಕಳನ್ನು ಕಟ್ಟಿಕೊಂಡು ಬರತೊಡಗಿದಳು. ಈ ವರ್ಷವೂ ಬಂದಳು, ಅದೇ ಹಬ್ಬಕ್ಕೆ, ಅದೇ ಗುರುವಾರ. ಈಗ ಅವಳಿಗೆ ಇಪ್ಪತ್ತೊಂಬತ್ತು. ಜೊತೆಗೆ ಆರು ವರ್ಷದ ತಾಲೆಸ್, ನಾಲ್ಕು ವರ್ಷದ ಲೀವಿಯಾ, ಮತ್ತು ಎಂಟು ತಿಂಗಳ ಕೂಸು.

ರಜೆ ಎಂದರೆ ಅವರಿಗೆ, ಕೆಲಸ ನನಗೆ. ಮೈಮೇಲೆ ಮೂರು ಸ್ವೆಟರು, ಕಾಲಲ್ಲಿ ಚಪ್ಪಲಿ ಇಲ್ಲ, ಹೀಗೆ ಆ ಮಕ್ಕಳು ಬೆಳಿಗ್ಗೆಯಿಂದ ಸಂಜೆವರೆಗೆ ಮರಳು ಹೊತ್ತು ತಂದು ನನ್ನ ಬಚ್ಚಲಲ್ಲಿ ಸುರಿದವು. ಲೀವಿಯಾ ಸತ್ತ ಏಡಿಯೊಂದನ್ನು ಹಾಸಿಗೆಯಲ್ಲಿ ಮಲಗಿಸಿ ಅದಕ್ಕೆ ಹೊದಿಕೆ ಹೊದಿಸಿದ್ದಳು. ರೆಜಾನಿಯ ಗಂಡ ಫಾಬಿಯೊ ನಾನು ಕರಿದಿಟ್ಟ ಮೀನನ್ನು ಅತ್ತಿತ್ತ ಹೊರಳಿಸಿ, ಮುಳ್ಳಿಲ್ಲದ ಜಾತಿ ಯಾವುದಾದರೂ ಉಂಟೇ ಎಂದು ಕೇಳಿದ. ಬೇಕಾದರೆ ತಟ್ಟೆ ತಿನ್ನಿ, ಅದರಲ್ಲಿ ಮುಳ್ಳಿಲ್ಲ, ಎಂದೆ. ಅವನು ಅದನ್ನು ತಮಾಷೆ ಎಂದುಕೊಂಡು ನಕ್ಕ.

ಆವತ್ತು ಸಂಜೆ ಕಾಫಿಯ ಹೊತ್ತಿಗೆ ರೆಜಾನಿ ಕೂಸನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು ವಿಷಯ ಹೇಳಿದಳು. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ನಮ್ಮ ಇಗರ್ಜಿಯಲ್ಲಿ ಕೂಸಿಗೆ ದೀಕ್ಷಾಸ್ನಾನ. ಪಾದ್ರಿಯ ಹತ್ತಿರ ಮಾತಾಗಿದೆ. ಧರ್ಮತಂದೆಯಾಗಿ ನಿಲ್ಲಬೇಕಾದವನು ವಾಲ್ಮೋರ್.

ವಾಲ್ಮೋರ್ ಎದ್ದ. ಕೂತ. ಮತ್ತೆ ಎದ್ದು ಹಿತ್ತಿಲಿಗೆ ಹೋದ. ಕಿಟಕಿಯಲ್ಲಿ ನೋಡಿದೆ. ಕೋಳಿಗೂಡಿನ ಗೋಡೆಗೆ ಮುಖ ಮಾಡಿ ನಿಂತು ಕೋಟಿನ ತೋಳಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ. ಅರವತ್ತೇಳು ವರ್ಷದ ಗಂಡಸು!

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಬೇಕರಿಯಲ್ಲಿ ಕೊಚ್ಚಿಕೊಳ್ಳುವುದು ಬೇರೆ, ದೀಕ್ಷಾಸ್ನಾನದ ತೊಟ್ಟಿಯ ಮುಂದೆ ನಿಲ್ಲುವುದು ಬೇರೆ. ನಮ್ಮಲ್ಲಿ ಧರ್ಮತಂದೆ ಎಂದರೆ ಹುಟ್ಟುಹಬ್ಬಕ್ಕೆ ಬಂದು ಕೇಕು ತಿನ್ನುವವನಲ್ಲ. ನಾಳೆ ಹೆತ್ತವರು ಇಲ್ಲವಾದರೆ ಮಗುವನ್ನು ಸಾಕುವವನು, ಅದಕ್ಕಾಗಿ ದೇವರಿಗೆ ಉತ್ತರ ಕೊಡುವವನು. ಅಲ್ಲಿಯೂ ಸುಳ್ಳಿನ ಮೇಲೆ ನಿಂತುಕೊಳ್ಳುತ್ತಾನೆಯೇ? ನಾನು ಪಕ್ಕದಲ್ಲಿ ಮೇಣದಬತ್ತಿ ಹಿಡಿದು ನೋಡುತ್ತಾ ಇರಬೇಕೇ? ಹಿತ್ತಿಲಿಗೆ ಹೋಗಿ ಅವನಿಗೆ ಖಂಡತುಂಡವಾಗಿ ಹೇಳಿದೆ. ಶನಿವಾರ ಮಧ್ಯಾಹ್ನದೊಳಗೆ ನೀನಾಗಿಯೇ ಆ ಹುಡುಗಿಗೆ ನಿಜ ಹೇಳು, ಇಲ್ಲವಾದರೆ ನಾನು ಹೇಳುತ್ತೇನೆ.

ಯಾವತ್ತಿನಂತೆ ತಲೆ ತಗ್ಗಿಸಿ ಸುಮ್ಮನಾಗುತ್ತಾನೆ ಎಂದುಕೊಂಡಿದ್ದೆ. ಈ ಸಲ ಅವನು ನನ್ನ ಕೈ ಹಿಡಿದುಕೊಂಡ.

“ಭಾನುವಾರ ಒಂದು ಕಳೀಲಿ ನಿಲ್ಜಾ. ಆಮೇಲೆ ಬೇಕಾದ್ರೆ ಇಗರ್ಜಿಯ ಗಂಟೆ ಹೊಡೆದು ಊರಿಗೆಲ್ಲ ಹೇಳು. ನನಗೆ ಬೇರೆಂತ ಬೇಡ. ಇದೊಂದು ಕೂಸನ್ನು ಒಂದು ಸಲ ಎತ್ತಿಕೊಂಡು ನಿಲ್ತೇನೆ.”

“ಎತ್ತಿಕೊಳ್ಳುವ ಆಸೆ ಇದ್ರೆ ಅಂಗಳದಲ್ಲಿ ಎತ್ತಿಕೋ, ಯಾರು ಬೇಡ ಹೇಳ್ತಾರೆ?” ಎಂದು ಕೈ ಬಿಡಿಸಿಕೊಂಡೆ.

ಶುಕ್ರವಾರ ಅವನು ದೊಡ್ಡ ಮಕ್ಕಳಿಬ್ಬರನ್ನೂ ಬಂಡೆಗೆ ಕರೆದುಕೊಂಡು ಹೋದ. ನಾನು ಕೆಳಗಿನಿಂದ ನೋಡುತ್ತಿದ್ದೆ. ತಾಲೆಸ್ ತನ್ನ ಸ್ವೆಟರು ಬಿಚ್ಚಿ ತಲೆಯ ಮೇಲೆ ಸುತ್ತಿಸುತ್ತಿದ್ದ, ದೋಣಿಯ ಹುಡುಗರು ಹುಚ್ಚೆದ್ದು ಚಪ್ಪರದಿಂದ ಓಡಿಬಂದು, ಬೈದುಕೊಂಡು ವಾಪಸ್ಸು ಹೋದರು. ಬೇರೆ ಯಾರ ಮಗುವಾಗಿದ್ದರೂ ವಾಲ್ಮೋರ್ ಕಿವಿ ಹಿಂಡುತ್ತಿದ್ದ. ಸಂಜೆ ಲೀವಿಯಾಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದ. ಬರುವಾಗ ಪೇಟೆಯ ಅಂಗಡಿಗೆ ಹೋಗಿ ಭಾನುವಾರಕ್ಕೆ ತನಗೆಂದು ಒಂದು ಬಿಳಿ ಅಂಗಿ ಕೊಂಡು ತಂದಿದ್ದ. ರೆಜಾನಿಗೆ ಮಾತ್ರ ಒಂದಕ್ಷರ ಹೇಳಲಿಲ್ಲ. ಶನಿವಾರ ಬೆಳಿಗ್ಗೆ ಬುತ್ತಿ ಕೈಗೆ ಕೊಟ್ಟಾಗ ನನ್ನ ಮುಖ ನೋಡದೆ ಹೊರಟುಹೋದ. ಹೇಡಿ, ಹುಟ್ಟಾ ಹೇಡಿ.

ಮಧ್ಯಾಹ್ನ ನಾನು ಅಂಗಳದಲ್ಲಿ ಮೀನು ಸೀಳುತ್ತಿದ್ದೆ. ರೆಜಾನಿ ಕೂಸನ್ನು ಸೊಂಟದ ಮೇಲೆ ಹೊತ್ತು ಬಂದು ಮಣೆಯ ಮೇಲೆ ಕೂತಳು. ನಾಳೆಯ ಊಟಕ್ಕೆ ಏನೇನು ಬೇಕು ಎಂದು ಕೇಳಿದಳು. ನಾನು ಚಾಕು ಕೆಳಗಿಟ್ಟು ಎಲ್ಲವನ್ನೂ ಹೇಳಿದೆ. ಪೇರಳೆ ಮರ, ಎರಡು ಸಾವಿರ ದಾಟಿತಾ ಎಂದದ್ದು, ಯಾವ ಮಗು ಎಂದದ್ದು. ನಿನ್ನನ್ನು ಅವನು ನೋಡೇ ಇರಲಿಲ್ಲ ಮಗಳೇ, ಮೀನು ನೋಡಿದ್ದ, ಎಂದೆ. ಇಪ್ಪತ್ತನಾಲ್ಕು ವರ್ಷ ಎದೆಯಲ್ಲಿದ್ದ ಕಲ್ಲು ಇಳಿಯಿತು ಎಂದುಕೊಂಡೆ. ಅವಳು ಅಳುತ್ತಾಳೆಂದು ಲೋಟದಲ್ಲಿ ನೀರನ್ನೂ ತೆಗೆದಿಟ್ಟಿದ್ದೆ.

ರೆಜಾನಿ ಕೂಸಿನ ಬಾಯಿಯ ಜೊಲ್ಲು ಒರೆಸಿದಳು. “ನಂಗೊತ್ತು ನಿಲ್ಜಾ ಅಮ್ಮಾ,” ಎಂದಳು.

“ಎಂತ ಗೊತ್ತುಂಟು ನಿಂಗೆ?”

“ಇದೇ. ಆವತ್ತು ಸಾಯಂಕಾಲ ನಮ್ಮಪ್ಪ ದೋಣಿಯೋರಿಗೆ ಥ್ಯಾಂಕ್ಸ್ ಹೇಳೋಕೆ ಹೋದಾಗಲೇ ಲಾವ್ರೊ ತಾತ ಹೇಳಿದ್ರಂತೆ. ಕೋಟಲ್ಲಿ ಮಗುಗೆ ಅಂತ ಸನ್ನೆನೇ ಇಲ್ಲ, ವಾಲ್ಮೋರ್ ಬೀಸಿದ್ದು ಎರಡು ಸಾವಿರ ಮೀನಿಗೆ, ಹುಡುಗಿ ನಮಗೆ ದಾರೀಲಿ ಸಿಕ್ಕಿದ್ಲು ಅಂತ. ಅಪ್ಪನೇ ಅವರ ಕಾಲು ಹಿಡ್ಕೊಂಡು, ಯಾರಿಗೂ ಹೇಳಬೇಡಿ ಅಂದ್ರಂತೆ. ಮಗುನ ಯಾರೋ ನೋಡಿ ಉಳಿಸಿದ್ರು ಅಂತಿದ್ರೆ, ಅಪ್ಪ ಆಗ ಎಲ್ಲಿದ್ದ ಅಂತ ಯಾರೂ ಕೇಳಲ್ಲ ನೋಡಿ. ಸಾಯೋ ಮುಂಚೆ ನನ್ ಹತ್ರ ಹೇಳಿ ಅತ್ರು.”

ವರ್ಷವರ್ಷದ ಬಿಯರಿನ ಪೆಟ್ಟಿಗೆ ಯಾತಕ್ಕೆಂದು ಆಗ ಗೊತ್ತಾಯಿತು. ಜಿಲ್ಮಾರ್ ಎಂಥವನು ಎಂಬುದರಲ್ಲಿ ನನಗೇನೂ ಆಶ್ಚರ್ಯವಾಗಲಿಲ್ಲ. ನನ್ನ ಮುಖ ಕೆಂಪಾದದ್ದು ಬೇರೆ ಕಾರಣಕ್ಕೆ. ಕೋಟಿನ ಭಾಷೆ ನಾನು ಹುಟ್ಟಿದಾಗಿನಿಂದ ಬಲ್ಲೆ. ಆ ದಿನ ದೋಣಿಯಲ್ಲಿದ್ದವರು ಆ ಕೋಟು ನೋಡಿಕೊಂಡೇ ಹೋದವರು, ದಂಡೆಯ ಮೇಲೆ ಹಗ್ಗ ಹಿಡಿದ ಅರ್ಧ ಊರಿಗೂ ಅದು ಕಾಣುತ್ತಿತ್ತು. ಎರಡು ಸಲ ಕೆಳಗೆ ಕೊಡವಿದ್ದನ್ನು ನಾನೇ ನೋಡಿದ್ದೆ. ಮಗು ಮುಳುಗುವಾಗ ಯಾರಾದರೂ ಎರಡು ಸಾವಿರ ಎಂದು ಲೆಕ್ಕ ಹೇಳುತ್ತಾರೆಯೇ? ಊರಿಗೆಲ್ಲ ಗೊತ್ತಿದ್ದ ಗುಟ್ಟನ್ನು ನನ್ನೊಬ್ಬಳದೇ ಎಂದು ಬಚ್ಚಿಟ್ಟುಕೊಂಡು, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ನಾನು ಅಷ್ಟು ವರ್ಷ ಚಪ್ಪರಿಸಿದ್ದೆ.

“ಎಲ್ಲ ಗೊತ್ತಿದ್ದೂ ಅವನನ್ನೇ ಯಾಕೆ ನಿಲ್ಲಿಸ್ತಿ?” ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

ಅವಳು ಕೂಸನ್ನು ಕುಣಿಸುತ್ತಾ ಹೇಳಿದಳು. ಟ್ಯೂಬಿನೊಳಗೆ ಅವಳು ಅಮ್ಮಾ ಎಂದು ಅತ್ತು ಅತ್ತು ಸಾಕಾಗಿತ್ತಂತೆ. ಹಿಡಿದ ಕೈ ಜಾರುತ್ತಿತ್ತಂತೆ. ಆಗ ಬಂಡೆಯ ಮೇಲೆ ಒಬ್ಬ ಮನುಷ್ಯ ಎದ್ದು ನಿಂತು ಕೋಟು ಬೀಸಿದ. “ನನಗೇ ಬೀಸ್ತಿದಾರೆ ಅಂದ್ಕೊಂಡೆ. ಅಳು ನಿಲ್ಲಿಸಿ ನಾನೂ ಒಂದು ಕೈ ಬೀಸಿದೆ. ಇನ್ನೊಂದು ಕೈಲಿ ಗಟ್ಟಿಯಾಗಿ ಹಿಡ್ಕೊಂಡೆ. ದೋಣಿ ಬರೋವರೆಗೂ ಬೀಸ್ತಾನೇ ಇದ್ದೆ. ಅವರು ಯಾವುದಕ್ಕೆ ಬೀಸಿದ್ರೋ, ಅದು ನಂಗೆ ಬೇಕಾಗಿಲ್ಲ.”

ಕೂಸು ನನ್ನ ಕಡೆ ಕೈ ಚಾಚಿತು. ನನ್ನ ಕೈಗೆ ಮೀನಿನ ರಕ್ತ ಮೆತ್ತಿತ್ತು, ಎತ್ತಿ ಮುದ್ದಾಡುವ ಮನಸ್ಸೂ ಇರಲಿಲ್ಲ.

ಮಣೆ ಮೀನು ಎಲ್ಲ ಅಲ್ಲೇ ಬಿಟ್ಟು ಗುಡ್ಡ ಹತ್ತಿದೆ. ನನಗೆ ಅರವತ್ತನಾಲ್ಕು, ಮೊಣಕಾಲು ಎರಡೂ ಹೋಗಿವೆ. ಏದುಸಿರು ಬಿಡುತ್ತಾ ಬಂಡೆಯ ಬುಡಕ್ಕೆ ಬಂದಾಗ ವಾಲ್ಮೋರ್ ನನ್ನನ್ನು ಕಂಡು ಎದ್ದು ನಿಂತ. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

“ಹೇಳಿದೆಯಾ?”

“ಹೇಳಿದೆ.”

ಕುರ್ಚಿಯ ಮೇಲೆ ಕುಸಿದು ಕೂತ. “ನಾಳೆ ನಾನು ಬರುವುದು ಬೇಡವಂತಾ?” ಎಂದು ಕೇಳಿದ.

ನಾನು ಸುಮ್ಮನೆ ಇದ್ದಿದ್ದರೆ ಅವನು ಬರುತ್ತಿರಲಿಲ್ಲ. ಆ ಹೊತ್ತಿಗೂ ಅವನು ನನ್ನ ಮುಷ್ಟಿಯಲ್ಲಿದ್ದ. ಅದು ನನಗೆ ಚೆನ್ನಾಗಿ ಗೊತ್ತಿತ್ತು, ಒಂದು ಗಳಿಗೆ ಬಾಯಿ ಬಿಡದೆ ನಿಂತೂ ನೋಡಿದೆ. ಆಮೇಲೆ ಹೇಳಿಬಿಟ್ಟೆ. ಅವಳಿಗೆ ಮೊದಲೇ ಗೊತ್ತಿತ್ತಂತೆ, ಆದರೂ ನೀನೇ ಬೇಕಂತೆ, ಒಂಬತ್ತಕ್ಕೆ ಸರಿಯಾಗಿ ಬರಬೇಕಂತೆ. ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಬೆನ್ನು ಅಲುಗುತ್ತಿತ್ತು. ನನ್ನ ಮುಖಕ್ಕೆ ಮಸಿ ಬಳಿದು ಇವನು ಸುಖವಾಗಿ ಅಳುವುದನ್ನು ನೋಡಿ ಸಹಿಸಲಾಗಲಿಲ್ಲ. ಇವನಿಗೂ ಒಂದಿಷ್ಟು ಬಳಿಯೋಣ ಎಂದುಕೊಂಡೆ.

“ಅಷ್ಟು ಕುಣೀಬೇಡ. ಲಾವ್ರೊಗೂ ಗೊತ್ತಿತ್ತು, ದೋಣಿಯವರಿಗೆಲ್ಲ ಗೊತ್ತಿತ್ತು. ಇಪ್ಪತ್ತನಾಲ್ಕು ವರ್ಷದಿಂದ ಅವರೆದುರು ಎದೆ ಉಬ್ಬಿಸಿಕೊಂಡು ತಿರುಗಿದ್ದೀಯಲ್ಲ, ಅವರೆಲ್ಲ ಹಿಂದಿನಿಂದ ನಕ್ಕಿದ್ದಾರೆ.”

ಅವನು ಕಣ್ಣು ಒರೆಸಿಕೊಂಡ. “ಅದು ನನಗೆ ಗೊತ್ತುಂಟು,” ಎಂದ.

“ಎಂತ?”

“ಆ ವರ್ಷವೇ ಹೇಳಿದ್ರು. ಚಪ್ಪರದಲ್ಲಿ ಕೂರಿಸಿಕೊಂಡು, ಕುಡಿಸಿ, ಹೊಟ್ಟೆ ಹಿಡ್ಕೊಂಡು ನಕ್ರು. ಹಿಂದಿನಿಂದ ಅಲ್ಲ, ಎದುರೇ ನಕ್ರು. ರೆಜಾನಿಗೆ ಒಬ್ಬಳಿಗೆ ಗೊತ್ತಿಲ್ಲ ಅಂದ್ಕೊಂಡಿದ್ದೆ.”

ಹಾಗಾದರೆ ಗ್ಯಾಸಿನ ಒಲೆ? ಅವನ ತಮ್ಮ? ಸಾರಾಯಿ? ಆ ಕುರ್ಚಿಗೆ ಎಂದೂ ಯಾವ ಅಪಾಯವೂ ಇರಲಿಲ್ಲವಲ್ಲ.

“ಮತ್ತೆ ನಾನು ಯಾವ ಮಗು ಅಂತ ಕೇಳಿದಾಗೆಲ್ಲ ಯಾಕೆ ತಲೆ ತಗ್ಗಿಸಿಕೊಂಡು ಕೂತೆ?”

ವಾಲ್ಮೋರ್ ಸಮುದ್ರದ ಕಡೆ ನೋಡುತ್ತಿದ್ದ. ಹಂಗಾಮಿನಲ್ಲಿ ಅವನು ಯಾರ ಜೊತೆ ಮಾತಾಡಿದರೂ ನೀರಿನಿಂದ ಕಣ್ಣು ತೆಗೆಯುವುದಿಲ್ಲ. ಆಗ ತೆಗೆದ. ನನ್ನ ಕಡೆ ತಿರುಗಿ, ಹೇಳಬಾರದಿತ್ತೇನೋ ಎಂಬಂತೆ ಮೆಲ್ಲಗೆ ಹೇಳಿದ.

“ಅದನ್ನು ಹೇಳುವಾಗ ನಿನ್ನ ಮುಖದಲ್ಲಿ ಒಂದು ಸಂತೋಷ ಬರ್ತಿತ್ತು ಮಾರಾಯ್ತಿ. ನಾನು ಮಾಡಿದ ಬೇರೆ ಯಾವುದರಿಂದಲೂ ನಿನಗೆ ಅದು ಬರಲಿಲ್ಲ. ಇದೊಂದಾದರೂ ಇರಲಿ ಅಂದ್ಕೊಂಡೆ.”

ನಾನು ಇವನನ್ನು ಕಾಲಕಸ ಮಾಡಿದ್ದೇನೆ ಎಂದುಕೊಂಡಷ್ಟು ವರ್ಷವೂ ಇವನು ನನ್ನ ಮೇಲೆ ಕನಿಕರಪಟ್ಟು, ಬೇಕೆಂದೇ ತಲೆ ತಗ್ಗಿಸಿ ಉಂಡಿದ್ದ. ತಿರುಗಿ ಒಂದು ಹೊಡೆದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಅದಕ್ಕಾಗಿ ನಾನು ಅವನನ್ನು ಇವತ್ತಿಗೂ ಕ್ಷಮಿಸಿಲ್ಲ.

ಖಾಲಿ ಬುತ್ತಿ ಡಬ್ಬಿ ಎತ್ತಿಕೊಂಡು ಕೆಳಗಿಳಿದೆ. ಅಂಗಳದಲ್ಲಿ ಬಿಟ್ಟುಬಂದ ಮೀನಿನಲ್ಲಿ ಎರಡನ್ನು ಬೆಕ್ಕು ಎಳೆದುಕೊಂಡು ಹೋಗಿತ್ತು. ಉಳಿದದ್ದನ್ನು ಸೀಳಿ ಉಪ್ಪು ಹಚ್ಚಿ, ಕೈ ತೊಳೆದು, ಅವನ ಬಿಳಿ ಅಂಗಿಗೆ ಇಸ್ತ್ರಿ ಹಾಕಲು ಕೂತೆ.